ಸಾವಿನ ಲೆಕ್ಕ, ಬದುಕಿನ ದಾರಿ: ಮೈಸೂರಿನ ಇತಿಹಾಸದಿಂದ ಒಂದು ಪಾಠ



ಇತಿಹಾಸ ಎಂದೊಡನೆ ನಮ್ಮ ಕಣ್ಣ ಮುಂದೆ ರಾಜರು, ಯುದ್ಧಗಳು, ಕೋಟೆ ಕೊತ್ತಲಗಳು ಬಂದು ನಿಲ್ಲುತ್ತವೆ. ಊರಿನ ಜನನ ಮರಣ ರಿಜಿಸ್ಟರ್ ಕೂಡ ಒಂದು ಇತಿಹಾಸ ಗ್ರಂಥ ಎಂಬುದು ನಮಗೆ ಅಷ್ಟು ಬೇಗ ಹೊಳೆಯುವುದಿಲ್ಲ. ಅದರಲ್ಲಿ ಕಥೆಯಿಲ್ಲ, ವರ್ಣನೆಯಿಲ್ಲ. ಹೆಸರು, ವಯಸ್ಸು, ವಿಳಾಸ, ತಾರೀಖು, ಸಾವಿನ ಕಾರಣ ಇಷ್ಟೇ ಇರುತ್ತದೆ. ಆದರೆ ಈ ಒಣ ಸಾಲುಗಳನ್ನು ಒಟ್ಟುಗೂಡಿಸಿ ಓದಲು ಕಲಿತ ಊರುಗಳು ಸಾವಿರಾರು ಜೀವಗಳನ್ನು ಉಳಿಸಿಕೊಂಡಿವೆ. ಓದಲು ಒಪ್ಪದ ಊರುಗಳು ಅದೇ ಸಾವನ್ನು ಮತ್ತೆ ಮತ್ತೆ ಕಂಡಿವೆ.

ಈ ಮಾತನ್ನು ಇಂದು ನೆನೆಯಲು ಒಂದು ಕಾರಣವಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿದ ಅಂಕಿ-ಅಂಶಗಳ ಪ್ರಕಾರ 2017, 2018 ಮತ್ತು 2019 ಈ ಮೂರು ವರ್ಷಗಳಲ್ಲಿ ನಮ್ಮ ದೇಶದಲ್ಲಿ 2,324 ಮಂದಿ ಮಾದಕ ವಸ್ತುವಿನ ಮಿತಿಮೀರಿದ ಸೇವನೆಯಿಂದ, ಅಂದರೆ ಓವರ್‌ಡೋಸ್‌ನಿಂದ, ಸತ್ತಿದ್ದಾರೆ. ರಾಜಸ್ಥಾನದಲ್ಲಿ 338 ಮಂದಿ. ಎರಡನೆಯ ಸ್ಥಾನದಲ್ಲಿರುವುದು ಪಂಜಾಬ್ ಎಂದು ನೀವು ಊಹಿಸಿದ್ದರೆ ಆ ಊಹೆ ತಪ್ಪು. ಎರಡನೆಯದು ನಮ್ಮ ಕರ್ನಾಟಕ. ಇಲ್ಲಿ ದಾಖಲಾದ ಸಾವುಗಳು 239.

ಈ 239 ನಮಗೆ ಏನು ಹೇಳುತ್ತದೆ, ಏನನ್ನು ಹೇಳದೆ ಮುಚ್ಚಿಡುತ್ತದೆ? ಅದನ್ನು ತಿಳಿಯಲು ಮೊದಲು ನಮ್ಮ ಹಿರಿಯರು ಸಾವನ್ನು ಎಣಿಸಲು ಕಲಿತ ಬಗೆಯನ್ನು ನೋಡೋಣ.

ಬರಗಾಲ ಕಲಿಸಿದ ಎಣಿಕೆ

ಮೈಸೂರು ಸಂಸ್ಥಾನದಲ್ಲಿ ಮೊದಲ ಕ್ರಮಬದ್ಧ ಜನಗಣತಿ ನಡೆದದ್ದು 1871ರಲ್ಲಿ. ಆಗ ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. ಹತ್ತು ವರ್ಷಗಳ ನಂತರ 1881ರಲ್ಲಿ ಮತ್ತೆ ಎಣಿಸಿದಾಗ ಸಿಕ್ಕವರು ಸುಮಾರು 41.9 ಲಕ್ಷ ಜನ. ಹೆಚ್ಚಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಗಿಲಾಗಿ ಇಳಿದಿತ್ತು. ನಡುವೆ ನಡೆದದ್ದು 1876ರಿಂದ 1878ರವರೆಗಿನ ಭೀಕರ ಕ್ಷಾಮ. ಧಾತು, ಈಶ್ವರ ಎಂಬ ಸಂವತ್ಸರಗಳ ಹೆಸರಿನಿಂದ ಹಿರಿಯರು ಅದನ್ನು 'ಧಾತು-ಈಶ್ವರ ಬರ' ಎಂದು ಕರೆಯುತ್ತಿದ್ದರು.

ಜನ ಹಸಿವಿನಿಂದ ಸತ್ತದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಆದರೆ ನಷ್ಟದ ಗಾತ್ರವನ್ನು ತೋರಿಸಿದ್ದು ಆ ಎರಡು ಅಂಕಿಗಳು. ಕ್ಷಾಮ ಬಂದಾಗ ಧಾನ್ಯವನ್ನು ಊರಿಂದೂರಿಗೆ ಸಾಗಿಸಲು ದಾರಿಯಿರಬೇಕು ಎಂಬ ತಿಳಿವಳಿಕೆ ಗಟ್ಟಿಯಾಯಿತು. ಕ್ಷಾಮ ಪರಿಹಾರದ ಕಾಮಗಾರಿಯಾಗಿ ಕೈಗೆತ್ತಿಕೊಂಡಿದ್ದ ಬೆಂಗಳೂರು-ಮೈಸೂರು ರೈಲು ಮಾರ್ಗ 1880ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಇಂದು ನಾವು ಬೆಂಗಳೂರಿಗೆ ಹೋಗುವ ರೈಲಿನ ಹಿಂದೆ ಈ ನೋವಿನ ಲೆಕ್ಕವೂ ಇದೆ.

ಪ್ಲೇಗ್ ಮತ್ತು ಮುಚ್ಚಿಟ್ಟ ಸಾವುಗಳು

ಎರಡನೆಯ ಪಾಠ ಪ್ಲೇಗಿನದು. 1898ರಲ್ಲಿ ಅದು ಬೆಂಗಳೂರಿಗೆ ಬಂತು, ಬಳಿಕ ಮೈಸೂರಿಗೂ ಹಬ್ಬಿತು. ಮೈಸೂರು ನಗರದ ಜನಸಂಖ್ಯೆ 1891ರಲ್ಲಿ ಸುಮಾರು 74 ಸಾವಿರ ಇದ್ದದ್ದು 1901ರ ಹೊತ್ತಿಗೆ ಸುಮಾರು 68 ಸಾವಿರಕ್ಕೆ ಇಳಿಯಿತು. ಸತ್ತವರ ಜೊತೆಗೆ ಊರು ಬಿಟ್ಟು ಹೋದವರೂ ಈ ಇಳಿಕೆಯಲ್ಲಿ ಸೇರಿದ್ದಾರೆ.

ಸರಕಾರ ಕಠಿಣ ಕ್ರಮಗಳನ್ನು ಕೈಗೊಂಡಿತು. ಮನೆ ಮನೆ ತಪಾಸಣೆ, ರೋಗಿಗಳನ್ನು ಬೇರ್ಪಡಿಸಿ ಶಿಬಿರಕ್ಕೆ ಕಳಿಸುವುದು, ಮನೆಯ ಮಂದಿಯನ್ನೂ ಹೊರಗೆ ಹಾಕುವುದು ಇವೆಲ್ಲ ನಡೆದವು. ಇದರ ಫಲವೇನಾಯಿತು? ಜನ ಹೆದರಿದರು. ಹೆದರಿದವರು ರೋಗವನ್ನು ಮುಚ್ಚಿಟ್ಟರು, ಸಾವನ್ನೂ ಮುಚ್ಚಿಟ್ಟರು. 1898ರಲ್ಲಿಯೇ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ದೊಡ್ಡ ಗಲಭೆಯೇ ನಡೆಯಿತು. ಮುಚ್ಚಿಟ್ಟ ಪ್ರತಿಯೊಂದು ಸಾವೂ ಪಕ್ಕದ ಮನೆಗೆ ಸಿಗಬೇಕಾಗಿದ್ದ ಎಚ್ಚರಿಕೆಯನ್ನು ಕಸಿದುಕೊಂಡಿತು.

ಪ್ಲೇಗಿನಿಂದ ಪಾಠ ಕಲಿತ ಮೈಸೂರು, 1903ರಲ್ಲಿ ನಗರ ಸುಧಾರಣೆಗಾಗಿಯೇ ಒಂದು ಟ್ರಸ್ಟ್ ಬೋರ್ಡನ್ನು ಸ್ಥಾಪಿಸಿತು. ಇಕ್ಕಟ್ಟಾದ ಕೇರಿಗಳಿಗೆ ಗಾಳಿ ಬೆಳಕು ಬಂತು, ಚರಂಡಿ ಬಂತು, ಅಗಲವಾದ ರಸ್ತೆಗಳ ಹೊಸ ಬಡಾವಣೆಗಳು ಎದ್ದವು. ಸಾವು ಎಲ್ಲಿ ಹೆಚ್ಚು ಎಂದು ತಿಳಿದಾಗಲೇ ಎಲ್ಲಿ ಗೋಡೆ ಕೆಡವಬೇಕು, ಎಲ್ಲಿ ಚರಂಡಿ ತೋಡಬೇಕು ಎಂಬುದೂ ತಿಳಿಯುತ್ತದೆ.

ಇದೇ ಬಗೆಯ ಕೆಲಸವನ್ನು ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಮಾಡಿದ್ದರು. ಕಾಲರಾದಿಂದ ಸತ್ತವರ ವಿಳಾಸಗಳನ್ನು ಮರಣ ನೋಂದಣಿ ಕಚೇರಿಯಿಂದ ಪಡೆದು, ಅವು ಬ್ರಾಡ್ ಸ್ಟ್ರೀಟಿನ ಒಂದೇ ನೀರಿನ ಪಂಪಿನ ಸುತ್ತ ಗುಂಪುಗೂಡಿರುವುದನ್ನು ತೋರಿಸಿದರು. ಪಂಪಿನ ಹಿಡಿಯನ್ನು ಕಳಚಿ ಹಾಕಲಾಯಿತು. ಕಾಲರಾದ ಕ್ರಿಮಿಯ ವಿಷಯ ವೈದ್ಯ ಲೋಕಕ್ಕೆ ಇನ್ನೂ ಮನವರಿಕೆಯಾಗಿರದ ಕಾಲದಲ್ಲಿ, ಕೇವಲ ವಿಳಾಸಗಳ ಲೆಕ್ಕ ಅಪಾಯದ ಜಾಗವನ್ನು ಬೆರಳಿಟ್ಟು ತೋರಿಸಿತು.

ಗೋಕುಲಂ ಪಕ್ಕದ ಒಂದು ಹೆಸರು

ಮೂರನೆಯ ಪಾಠ ನಮ್ಮ ಮನೆ ಬಾಗಿಲಲ್ಲೇ ಇದೆ. ಗೋಕುಲಂ ಪಕ್ಕದಲ್ಲಿ, ಕೆ.ಆರ್.ಎಸ್. ರಸ್ತೆಯಲ್ಲಿ ಹೋಗುವಾಗ ನೀವೆಲ್ಲರೂ ಪಿ.ಕೆ.ಟಿ.ಬಿ. ಸ್ಯಾನಟೋರಿಯಂ ಎಂಬ ಫಲಕವನ್ನು ನೋಡಿರುತ್ತೀರಿ. ಆ ಅಕ್ಷರಗಳ ಪೂರ್ಣ ರೂಪ ಎಷ್ಟು ಮಂದಿಗೆ ಗೊತ್ತು? 'ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಟ್ಯುಬರ್ಕ್ಯುಲೋಸಿಸ್ ಸ್ಯಾನಟೋರಿಯಂ'. ಕ್ಷಯರೋಗಕ್ಕೆ ಬಲಿಯಾದ, ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯ ನೆನಪಿಗಾಗಿ 1921ರಲ್ಲಿ ಆರಂಭವಾದ ಆಸ್ಪತ್ರೆ ಅದು.

ಕ್ಷಯವೆಂದರೆ ಜನ ಹೆದರಿ ದೂರ ಸರಿಯುತ್ತಿದ್ದ ಕಾಲ. ಮನೆಯಲ್ಲಿ ಕ್ಷಯವಿದೆಯೆಂದು ತಿಳಿದರೆ ಹೆಣ್ಣು ಕೊಡುವವರೂ ಇಲ್ಲ, ತರುವವರೂ ಇಲ್ಲ ಎನ್ನುವ ಸ್ಥಿತಿ. ಅಂಥ ಕಾಲದಲ್ಲಿ ರಾಜಮನೆತನ ತನ್ನ ಮಗಳ ಹೆಸರನ್ನು ಆ ರೋಗದ ಹೆಸರಿನ ಪಕ್ಕದಲ್ಲಿಯೇ ಫಲಕದ ಮೇಲೆ ಬರೆಸಿತು. ಅರಮನೆಗೇ ಇಲ್ಲದ ಸಂಕೋಚ ನಮಗೇಕೆ ಎಂದು ಬಡವರೂ ಆಸ್ಪತ್ರೆಯ ಮೆಟ್ಟಿಲು ಹತ್ತಲು ಅದು ಧೈರ್ಯ ಕೊಡುವಂಥ ಕೆಲಸ. ಕಾರಣವನ್ನು ಹೆಸರಿಟ್ಟು ಹೇಳುವುದು ಚಿಕಿತ್ಸೆಯ ಮೊದಲ ಹೆಜ್ಜೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಒಟ್ಟಿಗೆ ಸತ್ತವರು, ಒಬ್ಬೊಬ್ಬರಾಗಿ ಸತ್ತವರು

ಈಗ ಮಾದಕ ವಸ್ತುಗಳ ವಿಷಯಕ್ಕೆ ಬರೋಣ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಕೆಲವೇ ದಿನಗಳಲ್ಲಿ ನಡೆದ ಆ ದುರಂತ ಇಡೀ ರಾಜ್ಯವನ್ನು ಬೆಚ್ಚಿಬೀಳಿಸಿತು. ಇಂದಿಗೂ ಅದು ಜನರ ನೆನಪಿನಲ್ಲಿದೆ.

ಮೂರು ವರ್ಷಗಳಲ್ಲಿ ಮಾದಕ ವಸ್ತುವಿನ ಓವರ್‌ಡೋಸ್‌ನಿಂದ ಸತ್ತ 239 ಮಂದಿಯ ವಿಷಯವನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಅವರು ಒಂದೇ ದಿನ, ಒಂದೇ ಕೇರಿಯಲ್ಲಿ ಸಾಯಲಿಲ್ಲ. ಒಬ್ಬ ಹಾಸ್ಟೆಲಿನ ಕೋಣೆಯಲ್ಲಿ, ಇನ್ನೊಬ್ಬ ಮನೆಯ ಮಾಳಿಗೆಯ ಮೇಲೆ, ಮತ್ತೊಬ್ಬ ಬಸ್ ನಿಲ್ದಾಣದ ಮೂಲೆಯಲ್ಲಿ ಸತ್ತರೆ ಅದು ಆಯಾ ಮನೆಯ ದುಃಖವಾಗಿ ಉಳಿಯುತ್ತದೆ. ಬಿಡಿ ಬಿಡಿ ಸಾವುಗಳನ್ನು ಒಂದು ಪಿಡುಗಾಗಿ ಕಾಣಿಸುವ ಶಕ್ತಿ ಇರುವುದು ಲೆಕ್ಕಕ್ಕೆ ಮಾತ್ರ.

ವಿದ್ಯಾರ್ಥಿ ಮಿತ್ರರೇ, ಈಗ ಕರಿಹಲಗೆಯ ಮೇಲೆ ಒಂದು ಸಣ್ಣ ಲೆಕ್ಕ ಮಾಡೋಣ. ಮೂರನೆಯ ಸ್ಥಾನದಲ್ಲಿದ್ದ ಉತ್ತರ ಪ್ರದೇಶದಲ್ಲಿ 236 ಸಾವು. ನಮ್ಮಲ್ಲಿ 239. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ 2011ರ ಜನಗಣತಿಯ ಪ್ರಕಾರ ಉತ್ತರ ಪ್ರದೇಶದ ಜನಸಂಖ್ಯೆ ಸುಮಾರು 20 ಕೋಟಿ, ಕರ್ನಾಟಕದ್ದು 6.11 ಕೋಟಿ. ಭಾಗಿಸಿ ನೋಡಿ. ಒಂದು ಕೋಟಿ ಜನರಿಗೆ ಉತ್ತರ ಪ್ರದೇಶದಲ್ಲಿ ಸುಮಾರು 12 ಸಾವು, ಕರ್ನಾಟಕದಲ್ಲಿ ಸುಮಾರು 39. ಇಡೀ ದೇಶದ ಸರಾಸರಿ ಸುಮಾರು 19. ಅಂದರೆ ನಮ್ಮ ರಾಜ್ಯದ ಪ್ರಮಾಣ ದೇಶದ ಸರಾಸರಿಯ ಎರಡು ಪಟ್ಟು. ಎಷ್ಟು ಮಂದಿ ಸತ್ತರು ಎಂಬ ಪ್ರಶ್ನೆಯ ಜೊತೆಗೆ, ಎಷ್ಟು ಮಂದಿಯಲ್ಲಿ ಸತ್ತರು ಎಂದು ಕೇಳುವುದೇ ಜನಸಂಖ್ಯಾ ಅಂಕಿ-ಅಂಶಗಳ ಮೂಲ ಪಾಠ.

ವಯಸ್ಸಿನ ಲೆಕ್ಕ ಇನ್ನೂ ಯೋಚನೆಗೆ ಹಚ್ಚುತ್ತದೆ. ದೇಶದ ಒಟ್ಟು 2,324 ಮಂದಿಯಲ್ಲಿ ಅತಿ ಹೆಚ್ಚಿನವರು, ಅಂದರೆ 784 ಮಂದಿ, 30ರಿಂದ 45 ವರ್ಷದವರು. ಇವರು ಕಾಲೇಜು ಹುಡುಗರಲ್ಲ, ದುಡಿಯುವ ಗಂಡಸರು, ಹೆಂಗಸರು, ಮಕ್ಕಳ ತಂದೆ ತಾಯಿಯರ ವಯಸ್ಸಿನವರು. 18ರಿಂದ 30 ವರ್ಷದವರು 624. ಹದಿನಾಲ್ಕು ತುಂಬದ ಮಕ್ಕಳು 55. ನಾವು ಶಾಲೆ ಕಾಲೇಜುಗಳಲ್ಲಿ ಮಾತ್ರ ಭಾಷಣ ಮಾಡಿ ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡರೆ, ಅತಿ ಹೆಚ್ಚು ಸಾಯುತ್ತಿರುವವರನ್ನೇ ಬಿಟ್ಟಂತಾಗುತ್ತದೆ.

ಅಂಕಿಗಳು ಹೇಳದ ಮಾತು

ಅಂಕಿಗಳನ್ನು ಕಣ್ಣು ಮುಚ್ಚಿ ನಂಬಲೂ ಬಾರದು. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರಕಾರಕ್ಕಾಗಿ ನಡೆಸಿದ ಒಂದು ದೊಡ್ಡ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಎರಡು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಸಂದರ್ಶಿಸಿದ ಸಮೀಕ್ಷೆ ಅದು. ಅಫೀಮು, ಹೆರಾಯಿನ್ ಮತ್ತು ಆ ಜಾತಿಯ ನೋವುನಿವಾರಕ ಔಷಧಗಳ ಸೇವನೆಯಿಂದ ತೊಂದರೆಗೊಳಗಾಗಿ ನೆರವು ಬೇಕಾಗಿರುವವರು ದೇಶದಲ್ಲಿ ಸುಮಾರು 77 ಲಕ್ಷ ಮಂದಿ ಎಂದು ಅದು ಅಂದಾಜು ಮಾಡಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉತ್ತರ ಪ್ರದೇಶ, ಪಂಜಾಬ್, ಹರಿಯಾಣ, ದೆಹಲಿ, ಮಹಾರಾಷ್ಟ್ರ, ರಾಜಸ್ಥಾನ, ಆಂಧ್ರಪ್ರದೇಶ ಮತ್ತು ಗುಜರಾತಿನಲ್ಲಿದ್ದಾರೆ. ಈ ಪಟ್ಟಿಯಲ್ಲಿ ಕರ್ನಾಟಕ ಇಲ್ಲ.

ಸೇವಿಸುವವರ ಪಟ್ಟಿಯಲ್ಲಿ ಮುಂದಿಲ್ಲದ ನಮ್ಮ ರಾಜ್ಯ ಸತ್ತವರ ಪಟ್ಟಿಯಲ್ಲಿ ಎರಡನೆಯದಾದದ್ದು ಹೇಗೆ? ಬೇರೆ ಬಗೆಯ ವಸ್ತುಗಳಿಂದ, ನಿದ್ರೆ ಮಾತ್ರೆ ಮತ್ತು ಮದ್ಯದ ಬೆರಕೆಯಿಂದ ಇಲ್ಲಿ ಸಾವು ಆಗುತ್ತಿರಬಹುದು. ಅಥವಾ ನಮ್ಮಲ್ಲಿ ದಾಖಲಾಗುವ ಸಾವುಗಳು ಬೇರೆ ಕಡೆ ದಾಖಲಾಗದೆ ಹೋಗಿರಬಹುದು. ಪೊಲೀಸ್ ಠಾಣೆಗೆ ಬಂದ ಸಾವು ಮಾತ್ರ ಬ್ಯೂರೊದ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಕಡಿಮೆ ಅಂಕಿಯೆಂದರೆ ಕಡಿಮೆ ಸಾವು ಎಂದೇ ಅರ್ಥವಲ್ಲ. ಯಾವ ವಸ್ತು, ಯಾವ ಊರು, ಯಾವ ತಿಂಗಳು ಎಂಬುದನ್ನು ಸರಿಯಾಗಿ ಬರೆದಿಟ್ಟಿದ್ದರೆ ಮಾತ್ರ ಇಂಥ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಬರೆಯುವ ವ್ಯವಸ್ಥೆ ನಮ್ಮಲ್ಲಿದೆ. 1969ರ ಜನನ ಮರಣ ನೋಂದಣಿ ಕಾಯಿದೆ ಇದೆ. 2023ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಆಸ್ಪತ್ರೆಗಳು ಸಾವಿನ ಕಾರಣದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕೊಟ್ಟು ಅದರ ಪ್ರತಿಯನ್ನು ಹತ್ತಿರದ ಸಂಬಂಧಿಗೂ ಕೊಡಬೇಕೆಂಬ ನಿಯಮ ಬಂದಿದೆ. ಆದರೂ 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಶೇಕಡಾ 22.5ರಷ್ಟಕ್ಕೆ ಮಾತ್ರ. ಉಳಿದವರು ಏಕೆ ಸತ್ತರೆಂದು ವೈದ್ಯರ ಬರಹದಲ್ಲಿ ಎಲ್ಲಿಯೂ ಇಲ್ಲ.

ಇಲ್ಲಿಯೇ ನಮ್ಮ ನಿಮ್ಮ ಪಾತ್ರ ಬರುವುದು. ಮಗ ಮಾದಕ ವಸ್ತುವಿನಿಂದ ಸತ್ತರೆ ಮನೆಯವರು 'ಹಾರ್ಟ್ ಅಟ್ಯಾಕ್' ಎನ್ನುತ್ತಾರೆ. ಇಜ್ಜತ್ತಿನ ಪ್ರಶ್ನೆ, ತಂಗಿಯ ಮದುವೆಯ ಪ್ರಶ್ನೆ, ಪೊಲೀಸರ ಭಯ. ಇದು ಯಾವುದೋ ಒಂದು ಸಮುದಾಯದ ಮಾತಲ್ಲ. ಎಲ್ಲ ಮನೆಗಳಲ್ಲೂ ಇರುವುದೇ. ಆ ತಾಯಿ ತಂದೆಯರನ್ನು ದೂರುವುದೂ ಸರಿಯಲ್ಲ. ಆದರೆ ಅದೇ ಗೆಳೆಯರ ಗುಂಪಿನಲ್ಲಿ, ಅದೇ ಪುಡಿ ಅಥವಾ ಅದೇ ಮಾತ್ರೆಯನ್ನು ಸೇವಿಸುವ ಇನ್ನೂ ಮೂರು ಹುಡುಗರಿದ್ದಾರೆ ಎನ್ನಿ. 'ಹಾರ್ಟ್ ಅಟ್ಯಾಕ್' ಎಂಬ ಮಾತು ಅವರ ಮನೆಯವರಿಗೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಪ್ಲೇಗಿನ ಕಾಲದಲ್ಲಿ ನಡೆದದ್ದೂ ಇದೇ.

ಲೆಕ್ಕದಿಂದ ಜೀವ ಉಳಿಸಿದ ಊರು

ಲೆಕ್ಕವಿಟ್ಟರೆ ಆಗುವುದೇನು ಎಂದು ಕೇಳಬಹುದು. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ವಿಲ್ಕ್ಸ್ ಎಂಬ ಬೆಟ್ಟಗುಡ್ಡಗಳ ಜಿಲ್ಲೆಯಿದೆ. ಜನಸಂಖ್ಯೆ ಸುಮಾರು 70 ಸಾವಿರ. 2009ರಲ್ಲಿ ಅಲ್ಲಿ ಓವರ್‌ಡೋಸ್ ಸಾವಿನ ಪ್ರಮಾಣ ಲಕ್ಷಕ್ಕೆ 46.6 ಇತ್ತು. ಆ ದೇಶದಲ್ಲಿಯೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ಮರಣದ ದಾಖಲೆಗಳನ್ನು ನೋಡಿದಾಗ, ಸಾವಿಗೆ ಮುಖ್ಯ ಕಾರಣ ವೈದ್ಯರೇ ಬರೆದುಕೊಡುವ ಪ್ರಬಲ ನೋವಿನ ಮಾತ್ರೆಗಳು ಎಂಬುದು ಕಂಡುಬಂತು.

ಊರಿನ ವೈದ್ಯರು, ಶಿಕ್ಷಕರು, ಪೊಲೀಸರು, ಧರ್ಮಗುರುಗಳು ಒಟ್ಟಿಗೆ ಕೂತು 'ಪ್ರಾಜೆಕ್ಟ್ ಲಾಜರಸ್' ಎಂಬ ಕೆಲಸ ಆರಂಭಿಸಿದರು. ನೋವಿನ ಮಾತ್ರೆ ಬರೆಯುವ ವಿಷಯದಲ್ಲಿ ವೈದ್ಯರಿಗೆ ತರಬೇತಿ ಕೊಟ್ಟರು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕಟ್ಟುಪಾಡು ತಂದರು. ಅಪಾಯದಲ್ಲಿರುವವರ ಮನೆಯವರಿಗೆ ನಾಲಾಕ್ಸೋನ್ ಎಂಬ ಔಷಧವನ್ನು ಒದಗಿಸಿದರು. ಮರುವರ್ಷವೇ, 2010ರಲ್ಲಿ, ಆ ಪ್ರಮಾಣ ಲಕ್ಷಕ್ಕೆ 29ಕ್ಕೆ ಇಳಿಯಿತು.

ಇಡೀ ಅಮೆರಿಕದಲ್ಲಿ 2023ರಲ್ಲಿ ಸುಮಾರು 1.05 ಲಕ್ಷ ಮಂದಿ ಓವರ್‌ಡೋಸ್‌ನಿಂದ ಸತ್ತಿದ್ದರು. 2024ರಲ್ಲಿ ಆ ಸಂಖ್ಯೆ ಸುಮಾರು 80 ಸಾವಿರಕ್ಕೆ ಇಳಿದಿದೆ ಎಂದು ಅಲ್ಲಿನ ಸರಕಾರದ ಅಂದಾಜು ಹೇಳುತ್ತದೆ. ಅದು ಇನ್ನೂ ಭಯಂಕರ ಸಂಖ್ಯೆಯೇ. ಆದರೆ ಏರುವುದು ಮಾತ್ರ ಗೊತ್ತಿದ್ದ ಅಂಕಿ ಇಳಿಯಬಹುದು ಎಂಬುದೂ ಸಾಬೀತಾಗಿದೆ.

ನಾಲಾಕ್ಸೋನ್ ವಿಷಯ ಎರಡು ಮಾತು. ಹೆರಾಯಿನ್ ಮತ್ತು ಆ ಜಾತಿಯ ಔಷಧಗಳು ಹೆಚ್ಚಾದಾಗ ಉಸಿರಾಟ ನಿಧಾನವಾಗಿ, ಕೊನೆಗೆ ನಿಂತುಹೋಗುತ್ತದೆ. ನಾಲಾಕ್ಸೋನ್ ಆ ಪರಿಣಾಮವನ್ನು ತಡೆದು ಉಸಿರಾಟವನ್ನು ಮರಳಿ ತರುತ್ತದೆ. ಮನೆಯವರಿಗೂ ನೆರೆಹೊರೆಯವರಿಗೂ ಇದರ ಬಳಕೆಯನ್ನು ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿಯೇ ಸಲಹೆ ಮಾಡಿದೆ.

ನಾವು ಏನು ಮಾಡಬಹುದು?

ಮಾದಕ ವಸ್ತು ದೊಡ್ಡ ನಗರಗಳ ಮಾತು, ಶಾಂತವಾದ ನಮ್ಮ ಮೈಸೂರಿಗೆ ಸಂಬಂಧವಿಲ್ಲ ಎಂದು ಯಾರೂ ಭಾವಿಸಬೇಡಿ. 2025ರ ಜುಲೈ ತಿಂಗಳಲ್ಲಿ ಮುಂಬಯಿ ಪೊಲೀಸರು ಇಲ್ಲಿಗೆ ಬಂದು, ರಿಂಗ್ ರಸ್ತೆಯ ಬಳಿ ಮೆಫೆಡ್ರೋನ್ ಎಂಬ ಮಾದಕ ವಸ್ತು ತಯಾರಿಸುತ್ತಿದ್ದ ಘಟಕವನ್ನು ಪತ್ತೆಹಚ್ಚಿದರು.

ಸಂಘದ ಸದಸ್ಯರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸಗಳು ಕೆಲವಿವೆ.

ಮೊದಲನೆಯದು, ವೈದ್ಯರಿಗೆ ನಿಜ ಹೇಳುವುದು. ಬಿದ್ದವನು ಏನನ್ನು ಸೇವಿಸಿದ್ದ ಎಂದು ತಿಳಿದರೆ ಚಿಕಿತ್ಸೆ ತಡವಾಗುವುದಿಲ್ಲ. ಜೀವ ಉಳಿಯದೆ ಹೋದರೂ ದಾಖಲೆ ನಿಜವಾಗಿರುತ್ತದೆ.

ಎರಡನೆಯದು, ಲಕ್ಷಣಗಳನ್ನು ತಿಳಿಯುವುದು. ಎಷ್ಟು ಕೂಗಿ ಅಲುಗಾಡಿಸಿದರೂ ಏಳದಿರುವುದು, ಉಸಿರು ತೀರಾ ನಿಧಾನವಾಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುವುದು, ತುಟಿ ಉಗುರು ನೀಲಿಯಾಗುವುದು. ಗೊರಕೆಯಂಥ ಸದ್ದು ಕೇಳಿ 'ನಿದ್ದೆ ಮಾಡಲಿ, ಬೆಳಿಗ್ಗೆ ಸರಿಹೋಗುತ್ತದೆ' ಎಂದು ಬಿಟ್ಟುಬಿಡುವುದೇ ದೊಡ್ಡ ಅಪಾಯ. ಕೂಡಲೇ 108ಕ್ಕೆ ಕರೆ ಮಾಡಬೇಕು. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ಒಬ್ಬರು ಪಕ್ಕದಲ್ಲೇ ಇರಬೇಕು.

ಮೂರನೆಯದು, ಭಯ ಕಳೆಯುವುದು. 1985ರ ಮಾದಕ ವಸ್ತು ಕಾಯಿದೆಯ 64ಎ ಕಲಮಿನ ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವನಿಗೆ ಮೊಕದ್ದಮೆಯಿಂದ ವಿನಾಯಿತಿ ಸಿಗುತ್ತದೆ. ಅವನು ಚಿಕಿತ್ಸೆಯನ್ನು ಪೂರ್ತಿ ಪಡೆಯಬೇಕು. ವ್ಯಸನಮುಕ್ತಿಗೆ 14446, ಮಾನಸಿಕ ನೆರವಿಗೆ ಟೆಲಿ ಮಾನಸ್ 14416 ಎಂಬ ಸಹಾಯವಾಣಿಗಳಿವೆ. ಈ ಎರಡು ಸಂಖ್ಯೆಗಳನ್ನು ಪ್ರತಿ ಶಾಲೆಯ, ಪ್ರತಿ ಮೊಹಲ್ಲಾದ ಸೂಚನಾ ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸುವುದು ಒಂದು ದಿನದ ಕೆಲಸ.

ನಾಲ್ಕನೆಯದು, ಹೆಸರಿಲ್ಲದ ಲೆಕ್ಕ. ಒಬ್ಬರ ಮಾನ ಕಳೆಯದೆಯೂ ಲೆಕ್ಕ ಇಡಬಹುದು. ಬಡಾವಣೆಯ ವೈದ್ಯರು, ಔಷಧ ಅಂಗಡಿಯವರು, ಶಾಲೆಯ ಶಿಕ್ಷಕರು, ಜಮಾತಿನ ಹಿರಿಯರು ವರ್ಷಕ್ಕೆ ಎರಡು ಸಲ ಕೂತು, ಈ ಆರು ತಿಂಗಳಲ್ಲಿ ಎಷ್ಟು ಮಂದಿ ಹೀಗೆ ಬಿದ್ದರು, ಎಷ್ಟು ಮಂದಿ ಉಳಿದರು, ಯಾವ ವಯಸ್ಸು, ಯಾವ ವಸ್ತು ಎಂದು ಮಾತ್ರ ಬರೆದುಕೊಳ್ಳಲಿ. ಹೆಸರು ಬೇಡ, ಮನೆ ನಂಬರೂ ಬೇಡ. ಸೊಲ್ಯೂಷನ್ ಮೂಸುವ ಮಕ್ಕಳು ಹೆಚ್ಚಾಗಿದ್ದರೆ ಅಂಗಡಿಗಳೊಡನೆ ಮಾತಾಡಬೇಕು. ನಿದ್ರೆ ಮಾತ್ರೆಯಾದರೆ ಔಷಧ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಮಾರುವುದನ್ನು ತಡೆಯಬೇಕು. ಚುಚ್ಚುಮದ್ದಾದರೆ ಆರೋಗ್ಯ ಇಲಾಖೆಯ ನೆರವು ಕೇಳಬೇಕು. ಮದ್ದು ಯಾವುದೆಂದು ಹೇಳಬೇಕಾದರೆ ನೋವು ಎಲ್ಲಿದೆಯೆಂದು ಗೊತ್ತಿರಬೇಕಲ್ಲವೇ?

ಏಮ್ಸ್ ಸಮೀಕ್ಷೆಯ ಪ್ರಕಾರ ಮಾದಕ ವಸ್ತುಗಳ ಅವಲಂಬನೆಗೆ ಸಿಲುಕಿದ ಇಪ್ಪತ್ತು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆ ಸಿಕ್ಕಿದೆ. ಉಳಿದ ಹತ್ತೊಂಬತ್ತು ಮಂದಿ ಎಲ್ಲಿದ್ದಾರೆ? ನಮ್ಮ ಬೀದಿಗಳಲ್ಲೇ, ನಮ್ಮ ಬಂಧು ಬಳಗದಲ್ಲೇ ಇದ್ದಾರೆ. ಅವರು ಇನ್ನೂ ಬದುಕಿದ್ದಾರೆ ಎಂಬುದನ್ನು ಮರೆಯಬೇಡಿ.

ಓದುಗರೇ, ನಮ್ಮ ಹಿರಿಯರು ಬರವನ್ನು ಎಣಿಸಿದರು, ರೈಲು ಬಂತು. ಪ್ಲೇಗನ್ನು ಎಣಿಸಿದರು, ಅಗಲವಾದ ಬೀದಿಗಳು ಬಂದವು. ಕ್ಷಯಕ್ಕೆ ಹೆಸರಿಟ್ಟರು, ಆಸ್ಪತ್ರೆ ಬಂತು. ನಮ್ಮ ಕಾಲದ ಈ ಪಿಡುಗನ್ನು ಎಣಿಸುವ, ಹೆಸರಿಟ್ಟು ಹೇಳುವ ಹೊಣೆ ಈಗ ನಮ್ಮ ಮೇಲಿದೆ. ಮುಂದಿನ ಸಲ ಯಾವುದಾದರೂ ಮನೆಯಲ್ಲಿ ಅಂಥ ದುರಂತ ನಡೆದಾಗ, ಆ ಮನೆಯವರನ್ನು ಕುತೂಹಲದಿಂದಲ್ಲದೆ ಕರುಣೆಯಿಂದ ನೋಡುವ ನೆರೆಹೊರೆ ನಾವಾಗೋಣ. ನೆರೆಹೊರೆಯವರ ನಾಲಗೆಗೆ ಹೆದರಬೇಕಾಗಿಲ್ಲದ ಮನೆ ಮಾತ್ರವೇ ನಿಜವನ್ನು ಹೇಳಬಲ್ಲದು.